ಪೊರಕೆಕಡ್ಡಿಯ ನ್ಯಾಯ

ಎಲ್ಲ ರಗಳೆಗೂ ಮೂಲ ಒಂದು ಸ್ಟೀಲ್ ಡಬ್ಬಿ. ಎರಡು ಸೇರು ಹಿಡಿಯುವಷ್ಟು ದೊಡ್ಡದು. ಹೊಟ್ಟೆಯ ಮೇಲೊಂದು ನೆಗ್ಗು, ಮುಚ್ಚಳದ ಮೇಲೆ ಚುಕ್ಕಿಚುಕ್ಕಿಯಾಗಿ ಕೊರೆಸಿದ 'ನಿಂಗವ್ವ' ಎಂಬ ಹೆಸರು. ಅದು ತನ್ನ ಮುತ್ತಜ್ಜಿಯ ಹೆಸರೆಂದು ವಸಂತಲಕ್ಷ್ಮಿ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಮದುವೆಯ ಪಾತ್ರೆಗಳ ಜೊತೆ ತವರಿನಿಂದ ಬಂದ ಆ ಡಬ್ಬಿ, ಮೈಸೂರಿನಿಂದ ಅಮೆರಿಕದ ಬಾಥೆಲ್‌ವರೆಗೆ ರೇಷ್ಮೆ ಸೀರೆಯಲ್ಲಿ ಸುತ್ತಿಕೊಂಡು ಪ್ರಯಾಣ ಮಾಡಿತ್ತು. ಗಂಡ ಲಕ್ಷ್ಮೀಕಾಂತನೇ ಅಷ್ಟು ನಾಜೂಕಾಗಿ ಬಂದಿರಲಿಲ್ಲ.

ಮೇ ತಿಂಗಳ ಆ ಶನಿವಾರ ಬೆಳಿಗ್ಗೆ ವಸಂತಲಕ್ಷ್ಮಿ ಕಾಫಿ ಲೋಟವನ್ನು ಗಂಡನ ಮುಂದೆ ಕುಕ್ಕಿದಳು.

"ರೀ, ಡಬ್ಬಿ ಎಲ್ಲಿ?"

"ಯಾವ ಡಬ್ಬಿ?" ಎಂದ ಲಕ್ಷ್ಮೀಕಾಂತ. ಯಾವ ಡಬ್ಬಿಯೆಂದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು.

"ಯುಗಾದಿ ಊಟಕ್ಕೆ ಪ್ರೇಮಮ್ಮನವರ ಮನೆಗೆ ಕೋಸಂಬರಿ ತುಂಬಿ ನಿಮ್ಮ ಕೈಲಿ ಕಳಿಸಿದ್ನಲ್ಲ, ಆ ಡಬ್ಬಿ. ಇವತ್ತು ನಾಲ್ಕು ಗಂಟೆಗೆ ಅಮ್ಮನ ಫ್ಲೈಟ್ ಇಳಿಯತ್ತೆ. ಪ್ರತಿ ಸಲ ಫೋನಲ್ಲಿ ಕೇಳ್ತಾಳೆ, 'ಆ ನಿಂಗವ್ವನ ಡಬ್ಬಿ ಭದ್ರವಾಗಿದೆ ತಾನೇ?' ಅಂತ. ನನ್ನ ಆರೋಗ್ಯ ಆಮೇಲೆ ಕೇಳ್ತಾಳೆ. ಈಗ ಬಂದು ಕೇಳಿದ್ರೆ ನಾನೇನ್ ಹೇಳ್ಲಿ?"

"ಪ್ರೇಮಮ್ಮನ್ನ ಎರಡು ಸಲ ಕೇಳಿದೀನಿ ಕಣೇ. 'ಕೊಡ್ತೀನಿ, ಕೊಡ್ತೀನಿ, ಅವಸರ ಏನು' ಅಂತ ನಗ್ತಾರೆ."

"ಎರಡು ತಿಂಗಳಾಯ್ತು! ಸಾಯಂಕಾಲದೊಳಗೆ ಆ ಡಬ್ಬಿ ಈ ಶೆಲ್ಫಲ್ಲಿ ಇರ್ಬೇಕು. ಇಲ್ದಿದ್ರೆ ಅಮ್ಮನಿಗೆ ನೀವೇ ಹೇಳಿ. ನಾನು ಸುಮ್ನೆ ನಿಂತ್ಕೊಂಡು ನೋಡ್ತೀನಿ."

ಹೆಂಡತಿ ಸುಮ್ಮನೆ ನಿಂತು ನೋಡುವುದನ್ನು ಲಕ್ಷ್ಮೀಕಾಂತ ಹದಿನೇಳು ವರ್ಷದ ದಾಂಪತ್ಯದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಆದ್ದರಿಂದ ಅವನಿಗೆ ಹೆಚ್ಚು ಭಯವಾಯಿತು.

ಲಕ್ಷ್ಮೀಕಾಂತ ಸ್ವಭಾವತಃ ಸಾಧು. ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವುದು ಅವನ ಕಸುಬು. ಹುಡುಕಿದ ಮೇಲೆ ಅದನ್ನು ಬರೆದವರಿಗೆ ತಿಳಿಸುವಾಗ ಮೊದಲು ಕ್ಷಮೆ ಕೇಳುತ್ತಿದ್ದ. ಬೇರೆ ಯಾವ ವಾರವಾಗಿದ್ದರೂ ಪ್ರೇಮಮ್ಮನಿಗೆ ಮೂರನೆಯ ಸಲ ಫೋನ್ ಮಾಡಿ, ಮೂರನೆಯ ಸಲ ಅವರ ನಗು ಕೇಳಿಸಿಕೊಂಡು ಫೋನ್ ಇಡುತ್ತಿದ್ದ. ಆದರೆ ಕಳೆದ ಮೂರು ವಾರಗಳಿಂದ ಅವನ ತಲೆಯಲ್ಲಿ ಜಪಾನ್ ಹೊಕ್ಕಿತ್ತು.

ಅದಕ್ಕೆ ಕಾರಣ ಮಗಳು ಮೈತ್ರಿ. ಹದಿನೈದು ವರ್ಷ. 'ಕಾನೂನನ್ನು ಕೈಗೆ ತೆಗೆದುಕೊಳ್ಳುವುದು ಎಂದಾದರೂ ಸರಿಯೇ?' ಎಂದು ಅವಳ ಶಾಲೆಯಲ್ಲಿ ಪ್ರಬಂಧ ಬರೆಯಲು ಕೊಟ್ಟಿದ್ದರು. ಅವಳು ಒಂದು ಜಪಾನೀ ಮಾಂಗಾವನ್ನು, ಅಂದರೆ ಚಿತ್ರಕತೆಯ ಪುಸ್ತಕಗಳ ಒಂದು ಸರಣಿಯನ್ನು, ಆರಿಸಿಕೊಂಡಿದ್ದಳು. ಕತೆಯ ನಾಯಕ ಮೋರಿತಾ ಶಾಲೆಯೊಂದರ ಜವಾನ. ಹಗಲೆಲ್ಲ ಕಸ ಗುಡಿಸುತ್ತಾನೆ. ಪೊಲೀಸರೂ ನ್ಯಾಯಾಲಯವೂ ಬಿಟ್ಟುಬಿಟ್ಟ ತಪ್ಪಿತಸ್ಥರನ್ನು ಮುಖ ಮುಚ್ಚಿಕೊಂಡು ತಾನೇ ಹುಡುಕಿ ದಂಡಿಸುತ್ತಾನೆ. ದಂಡಿಸಿದ ಜಾಗದಲ್ಲಿ ಗುರುತಿಗೆ ಒಂದೇ ಒಂದು ಪೊರಕೆಕಡ್ಡಿ ಬಿಟ್ಟುಹೋಗುತ್ತಾನೆ.

ಮಗಳೊಡನೆ ಮಾತಾಡಲು ಒಂದು ವಿಷಯ ಸಿಕ್ಕಿತೆಂದು ಲಕ್ಷ್ಮೀಕಾಂತ ಲೈಬ್ರರಿಯಿಂದ ತಂದ ಆ ಪುಸ್ತಕಗಳನ್ನು ತಾನೂ ಓದಲು ಕೂತ. ಜಪಾನೀ ಪುಸ್ತಕವನ್ನು ಬಲದಿಂದ ಎಡಕ್ಕೆ ಓದಬೇಕೆಂದು ತಿಳಿಯದೆ ಮೊದಲ ಸಂಪುಟವನ್ನು ಪೂರ್ತಿ ತಿರುಗುಮುರುಗಾಗಿ ಓದಿದ. ಶಿಕ್ಷೆ ಮೊದಲು ಬಂತು, ತಪ್ಪು ಆಮೇಲೆ ಬಂತು. ಅವನಿಗೆ ಏನೂ ವಿಚಿತ್ರವೆನಿಸಲಿಲ್ಲ. ಮನೆಯಲ್ಲಿ ಅವನ ಪಾಡೂ ಹೆಚ್ಚುಕಡಿಮೆ ಹಾಗೆಯೇ ಇತ್ತು.

ಎಂಟು ಸಂಪುಟ ಮುಗಿಯುವ ಹೊತ್ತಿಗೆ ಅವನು ಮೋರಿತಾನ ಪರಮ ಭಕ್ತನಾಗಿದ್ದ.

"ಅವನು ಮಾಡೋದ್ರಲ್ಲಿ ತಪ್ಪೇನಮ್ಮಾ? ಕೇಳಿದ್ರೆ ಕೊಡದೇ ಇರೋವ್ರ ಹತ್ರ ಇನ್ನೇನ್ ಮಾಡ್ಬೇಕು?"

"ಅಪ್ಪಾ, ಬಟ್ ಹೌ ಡಸ್ ಹೀ ನೋ?" ಎಂದಳು ಮೈತ್ರಿ. ಅಪ್ಪನ ಕನ್ನಡಕ್ಕೆ ಅವಳ ಉತ್ತರ ಯಾವಾಗಲೂ ಅರ್ಧ ಇಂಗ್ಲಿಷಿನಲ್ಲೇ. "ತಪ್ಪು ಮಾಡಿದಾರೆ ಅಂತ ಹೌ ಈಸ್ ಹೀ ಸೋ ಶೂರ್? ರೀಡ್ ನೈನ್, ದೆನ್ ಟಾಕ್ ಟು ಮಿ."

ಒಂಬತ್ತನೆಯ ಸಂಪುಟ ಮೇಜಿನ ಮೇಲೇ ಇತ್ತು. ಓದಲಾಗಿರಲಿಲ್ಲ.

ಹತ್ತು ಗಂಟೆಗೆ ತಾಯಿ ಮಗಳು ತರಕಾರಿಗೆ ಹೊರಟರು. ಲಕ್ಷ್ಮೀಕಾಂತ ಕಿಟಕಿಯಿಂದ ನೋಡಿದ. ಎರಡು ಮನೆಯಾಚೆ ಪ್ರೇಮಮ್ಮನವರ ಗರಾಜಿನ ಬಾಗಿಲು ಪೂರ್ತಿ ತೆರೆದಿತ್ತು. ಅವರ ಯಜಮಾನರು ಶ್ರೀನಿವಾಸ, ಕೆಂಟಿನ ವಿಮಾನದ ಬಿಡಿಭಾಗಗಳ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು, ಹಿತ್ತಲಲ್ಲಿ ಹುಲ್ಲು ಕತ್ತರಿಸುತ್ತಿದ್ದರು. ಆ ಯಂತ್ರದ ಸದ್ದಿಗೆ ಅವರದೇ ಕೆಮ್ಮು ಅವರಿಗೆ ಕೇಳುವಂತಿರಲಿಲ್ಲ. ಹಿಂದಿನ ವಾರ ಕುರ್ಚಿ ವಾಪಸು ಕೊಡಲು ಹೋದಾಗ ಆ ಗರಾಜಿನ ಮೇಲಿನ ಹಲಗೆಯಲ್ಲಿ, ಪೇಂಟ್ ಡಬ್ಬಗಳ ಹಿಂದೆ, ನೆಗ್ಗಿದ ಒಂದು ಹೊಟ್ಟೆ ಮಿನುಗಿದ್ದನ್ನು ಲಕ್ಷ್ಮೀಕಾಂತ ಕಣ್ಣಾರೆ ಕಂಡಿದ್ದ. ಪೇಂಟ್ ಡಬ್ಬದ ಹಿಂದೆ! ಬಚ್ಚಿಡುವುದೆಂದರೆ ಇನ್ನು ಹೇಗೆ?

ಅವನು ಮೈತ್ರಿಯ ತಲೆಮುಸುಕಿನ ಕರಿಯ ಹೂಡಿಯನ್ನು ತಲೆಯ ಮೇಲಿಂದ ಎಳೆದುಕೊಂಡ. ತೋಳು ಮೊಣಕೈಗೆ ನಿಂತಿತು. ಹೊಟ್ಟೆ ಮಾತ್ರ ಒಳಗೆ ಹೋಗಲು ಒಪ್ಪಲಿಲ್ಲ. ಅಡುಗೆಮನೆಯ ಮೂಲೆಯ ತೆಂಗಿನ ಪೊರಕೆಯಿಂದ ಒಂದು ಕಡ್ಡಿ ಕಿತ್ತು ಜೇಬಿಗಿಟ್ಟು ಹೊರಟ.

ಕೆಲಸ ಎರಡೇ ನಿಮಿಷದ್ದು. ಏಣಿ ಹತ್ತಿದ, ಡಬ್ಬಿ ತೆಗೆದ, ಆ ಜಾಗದಲ್ಲಿ ಕಡ್ಡಿ ಇಟ್ಟ, ಇಳಿದ. ಮದುವೆ ಮಂಟಪದಲ್ಲಿ ಕೂಡ ಅವನ ಎದೆ ಅಷ್ಟು ಹೊಡೆದುಕೊಂಡಿರಲಿಲ್ಲ. ಬೆಕ್ಕಿನಂತೆ ನಡೆಯುತ್ತಿದ್ದೇನೆ ಎಂದು ಅವನು ತಿಳಿದುಕೊಂಡಿದ್ದ. ಎದುರು ಮನೆ ರಾಕೇಶನ ಬಾಗಿಲಿನ ಕ್ಯಾಮೆರಾದ ಕಣ್ಣಿಗೆ, ಹಬ್ಬದ ಊಟ ಮುಗಿಸಿ ಎದ್ದ ಬಾತುಕೋಳಿಯಂತೆ ಕಂಡ.

ಮನೆಗೆ ಬಂದು ಬಾಗಿಲು ಹಾಕಿಕೊಂಡಾಗಲೇ ಡಬ್ಬಿ ಭಾರವಾಗಿದೆ ಎಂದು ಅವನಿಗೆ ಹೊಳೆದದ್ದು. ತೆರೆದರೆ ಘಮ್ಮೆಂದಿತು. ತುಂಬ ಅಂಟಿನ ಉಂಡೆ! ಕೊಬ್ಬರಿ, ಖರ್ಜೂರ, ತುಪ್ಪದಲ್ಲಿ ಅರಳಿಸಿದ ಅಂಟು. ಗೆದ್ದ ಹುಮ್ಮಸ್ಸಿನಲ್ಲಿ ಒಂದು ತಿಂದ. ಚೆನ್ನಾಗಿತ್ತು. ಇನ್ನೊಂದು ತಿಂದ. ಮೂರನೆಯದಕ್ಕೆ ಕೈ ಹಾಕಿದಾಗ ಅತ್ತೆಯ ಹೆಸರಿಗೆ ಬರೆದು ಮುಚ್ಚಳದ ಒಳಗೆ ಅಂಟಿಸಿದ್ದ ಚೀಟಿ ಕಂಡಿತು.

'ಕೌಸಲ್ಯಮ್ಮನವರಿಗೆ. ನಿಮಗೆ ಶುಗರ್ ಅಂತ ವಸಂತ ಹೇಳಿದ್ದಳು, ಅದಕ್ಕೆ ಬೆಲ್ಲ ಹಾಕಿಲ್ಲ, ಬರೀ ಖರ್ಜೂರ, ಅದೂ ಹಿತವಾಗಿ. ಮಂಡಿ ನೋವಿಗೆ ಒಳ್ಳೆಯದು. ಒಳ್ಳೆ ಅಂಟು ಇಲ್ಲಿ ಸಿಗಲಿಲ್ಲ, ಹುಬ್ಬಳ್ಳಿಯಿಂದ ಬರುವವರ ಕೈಲಿ ತರಿಸಿದೆ. ಡಬ್ಬಿ ತಡವಾಯಿತು, ಕ್ಷಮಿಸಿ. ಖಾಲಿ ಹೇಗೆ ಕೊಡಲಿ? - ಪ್ರೇಮ.'

ಲಕ್ಷ್ಮೀಕಾಂತ ಮೂರನೆಯ ಉಂಡೆಯನ್ನು ಮೆಲ್ಲಗೆ ಡಬ್ಬಿಗೇ ವಾಪಸು ಹಾಕಿದ. ಬಂದ ಪಾತ್ರೆಯನ್ನು ಖಾಲಿ ಕಳಿಸಬಾರದು! ಅವನ ತಾಯಿ ಸಕ್ಕರೆಯಾದರೂ ಎರಡು ಚಮಚ ಹಾಕದೆ ಯಾರ ಲೋಟವನ್ನೂ ಹಿಂದಿರುಗಿಸಿರಲಿಲ್ಲ. ಅದನ್ನೇ ಮರೆತು, ಮೊದಲ ಸಂಪುಟ ಓದಿದ ಹಾಗೆಯೇ, ಶಿಕ್ಷೆ ಕೊಟ್ಟ ಮೇಲೆ ತಪ್ಪು ಹುಡುಕಲು ಕೂತಿದ್ದ. ಹುಡುಕಿದರೆ ತಪ್ಪೇ ಇರಲಿಲ್ಲ. ಉಂಡೆ ಇತ್ತು.

ತಕ್ಷಣ ವಾಪಸು ಇಟ್ಟುಬಿಡಬೇಕು. ಪ್ರೇಮಮ್ಮನಿಗೆ ತಿಳಿದರೆ ಈ ಜನ್ಮದಲ್ಲಿ ಅವರಿಗೆ ಮುಖ ತೋರಿಸುವಂತಿಲ್ಲ. ಅಷ್ಟರಲ್ಲಿ ಫೋನು ಟಿಂಗ್ ಎಂದಿತು. ಬಡಾವಣೆಯ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ರಾಕೇಶ ಒಂದು ಫೋಟೋ ಹಾಕಿದ್ದ. ಮೇಲಿನಿಂದ ತೆಗೆದ ಮಸುಕು ಚಿತ್ರ. ಕರಿಯ ಮುಸುಕು, ಹೊಳೆಯುವ ಡಬ್ಬಿ, ಹೊರಗೆ ಉಳಿದ ಹೊಟ್ಟೆ. ಕೆಳಗೆ, 'ಕಳ್ಳ! ಪ್ರೇಮಾ ಆಂಟಿ ಗರಾಜ್! ಆರಡಿ ಆಳು! ಎಲ್ರೂ ಅಲರ್ಟ್!'

ಐದಡಿ ನಾಲ್ಕು ಅಂಗುಲದ ಲಕ್ಷ್ಮೀಕಾಂತ ಹೂಡಿ ಕಳಚಿ ಒಗೆಯುವ ಬಟ್ಟೆಯ ಬುಟ್ಟಿಗೆ ಎಸೆದ. ಕರೆಗಂಟೆ ಸದ್ದು ಮಾಡಿತು. ಡಬ್ಬಿಯನ್ನು ಎಲ್ಲಿಡುವುದೆಂದು ತೋಚದೆ, ಬಾಗಿಲ ಬಳಿ ನೇತುಹಾಕಿದ್ದ ತನ್ನ ಬ್ಯಾಡ್ಮಿಂಟನ್ ಚೀಲಕ್ಕೆ ತುರುಕಿ ಹೆಗಲಿಗೇರಿಸಿ ಬಾಗಿಲು ತೆಗೆದ.

ಕ್ರಿಕೆಟ್ ಬ್ಯಾಟ್ ಹಿಡಿದು ರಾಕೇಶ ನಿಂತಿದ್ದ. ಫ್ರೀಮಾಂಟಿನ ದೊಡ್ಡ ಕಂಪನಿಯಲ್ಲಿ ಕೆಲಸ ಮಾಡುವ ಚುರುಕು ಹುಡುಗ. ವಾರವೆಲ್ಲ ಕಂಪ್ಯೂಟರ್ ಮುಂದೆ ಕೂತು, ಶನಿವಾರ ಏನಾದರೂ ನಡೆಯಲಿ ಎಂದು ಕಾಯುವವನು.

"ಸೂಪರ್ ಕಾಂತ್ ಸರ್, ಆಗ್ಲೇ ರೆಡಿ ಆಗಿದೀರಾ! ಬನ್ನಿ, ನೀವು ಸೀನಿಯರ್, ನೀವೇ ಮುಂದೆ ನಡೀಬೇಕು. ಕಳ್ಳ ದೂರ ಹೋಗಿರಲ್ಲ."

"ಇಲ್ಲ, ದೂರ ಹೋಗಿರಲ್ಲ" ಎಂದ ಲಕ್ಷ್ಮೀಕಾಂತ ಕ್ಷೀಣವಾಗಿ. ಹೆಜ್ಜೆ ಇಟ್ಟೊಡನೆ ಚೀಲ ಟಣ್ ಎಂದಿತು.

"ಏನ್ ಸರ್ ಅದು?"

"ರಾಕೆಟ್ಟು."

"ಟಣ್ ಅಂತು?"

"ಹಳೇ ಕಾಲದ್ದು. ಸ್ಟೀಲು."

ಗರಾಜಿನಲ್ಲಿ ಆಗಲೇ ಸಭೆ ಸೇರಿತ್ತು. ಶ್ರೀನಿವಾಸ ಏಣಿಯ ಮೇಲೆ ನಿಂತು ಪೊರಕೆಕಡ್ಡಿಯತ್ತ ಬೆರಳು ತೋರಿಸುತ್ತಿದ್ದರು, ಮುಟ್ಟುತ್ತಿರಲಿಲ್ಲ.

"ಮಾಟ ಕಣ್ರೀ ಇದು! ಡಬ್ಬಿ ತಗೊಂಡು ಕಡ್ಡಿ ಇಟ್ಟು ಹೋಗಿದಾನೆ ಅಂದ್ರೆ ಏನರ್ಥ?"

"ಅಂಕಲ್, ಬೀಗ ತೆಗೆಯೋ ಟೂಲ್ ಇರ್ಬೇಕು" ಎಂದ ರಾಕೇಶ.

"ಬಾಗಿಲು ತೆಗೆದೇ ಇತ್ತಲ್ಲಯ್ಯಾ!"

ಪ್ರೇಮಮ್ಮ ಗಂಡನನ್ನು ಮೆಲ್ಲಗೆ ಏಣಿಯಿಂದ ಇಳಿಸಿ, ತಾವೇ ಹತ್ತಿ, ಕಡ್ಡಿ ತೆಗೆದು, ಬೆಳಕಿಗೆ ಹಿಡಿದು ನೋಡಿ, ಸೆರಗಿಗೆ ಸಿಕ್ಕಿಸಿಕೊಂಡರು. ಆಮೇಲೆ ಒಳಗೆ ಹೋಗಿ ಎಲ್ಲರಿಗೂ ಚಹಾ ತಂದರು. ಕಳವಾದ ಮನೆಯಾದರೂ ಬಂದವರು ಗಂಟಲು ಒಣಗಿಸಿಕೊಂಡು ನಿಲ್ಲಬಾರದಲ್ಲ.

"ಡಬ್ಬೀಲಿ ಏನಿತ್ತು?" ಎಂದು ಶ್ರೀನಿವಾಸ ಕೇಳಿದರು.

"ಅಂಟಿನ ಉಂಡೆ."

"ಅಂಟಿನ ಉಂಡೆ ಮಾಡಿದ್ಯಾ? ನನಗೆ ಹೇಳ್ಲೇ ಇಲ್ಲ!"

"ನಿಮಗೆ ಹೇಳಿದ್ರೆ ಪೇಂಟ್ ಡಬ್ಬದ ಹಿಂದೆ ಇಟ್ಟು ಏನು ಪ್ರಯೋಜನ?"

ಶ್ರೀನಿವಾಸರಿಗೆ ಈಗ ನಿಜವಾಗಿ ಸಿಟ್ಟು ಬಂತು. "ಸಿಕ್ಕಿದ್ರೆ ಅವನನ್ನ ಕಂಬಕ್ಕೆ ಕಟ್ಟಿ ನಾಲ್ಕು ಬಿಡ್ಬೇಕು!"

"ಈ ದೇಶದಲ್ಲಿ ಕಂಬಕ್ಕೆ ಕಟ್ಟಿದ್ರೆ ನಾವೇ ಒಳಗೆ ಹೋಗ್ತೀವಿ ಅಂಕಲ್. ಫೋಟೋನ ಪೂರ್ತಿ ಬಾಥೆಲ್‌ಗೆ ಹಂಚೋಣ. ಆಫೀಸು, ದೇವಸ್ಥಾನ, ಎಲ್ಲಾ ಕಡೆ ಅಂಟಿಸೋಣ. ನಾಚಿಕೇಲೇ ಸಾಯ್ಬೇಕು. ಏನಂತೀರಿ ಕಾಂತ್ ಸರ್?"

ಬೆಳಿಗ್ಗೆಯಷ್ಟೇ ಮೋರಿತಾನ ಭಕ್ತನಾಗಿದ್ದವನು ಚಹಾ ಲೋಟ ಹಿಡಿದು ಎದ್ದು ನಿಂತ. ಅವನ ಬಾಯಿಂದ ಬಂದ ಮಾತುಗಳು ಅವನಿಗೇ ಹೊಸದಾಗಿದ್ದವು.

"ನೋಡಿ, ನಾವ್ಯಾರು ಶಿಕ್ಷೆ ಕೊಡೋಕೆ? ಮೊದಲು ಅವನ ಕಡೆ ಮಾತು ಕೇಳೋದು ಬೇಡ್ವಾ? ಅವನು ಕಳ್ಳನೇ ಅಂತ ಹೇಗ್ ಗೊತ್ತು? ತನ್ನದೇ ಅಂದ್ಕೊಂಡು ತಗೊಂಡಿರ್ಬಹುದು. ಪಾಪ, ಅವನಿಗೂ ಮನೇಲಿ ಕಷ್ಟ ಇರತ್ತೆ. ಹೆಂಡ್ತಿ ಬೈದಿರ್ಬಹುದು. ಅತ್ತೆ ಬರ್ತಾ ಇರ್ಬಹುದು..."

"ಕಳ್ಳನಿಗೆ ಅತ್ತೆನಾ?" ಎಂದರು ಶ್ರೀನಿವಾಸ.

"ಯಾರಿಗಿಲ್ಲ ಸಾರ್?" ಎಂದು ಲಕ್ಷ್ಮೀಕಾಂತ ನಿಟ್ಟುಸಿರಿಟ್ಟ.

ಪ್ರೇಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ದುಃಖವೋ ಕೆಮ್ಮೋ ತಿಳಿಯಲಿಲ್ಲ.

ಕೊನೆಗೆ ಎಲ್ಲರೂ ಸುತ್ತಮುತ್ತ ಹುಡುಕುವುದೆಂದಾಯಿತು. ರಾಕೇಶ ಬೀದಿ ಹಿಡಿದ, ಶ್ರೀನಿವಾಸ ಹಿತ್ತಲು ಹಿಡಿದರು. ಲಕ್ಷ್ಮೀಕಾಂತ ಅಂಗಳದ ಅಂಚಿನಲ್ಲಿ ಗುಲಾಬಿ ಬಣ್ಣಕ್ಕೆ ಅರಳಿ ನಿಂತಿದ್ದ ರೋಡೋಡೆಂಡ್ರನ್ ಪೊದೆಯ ಹಿಂದೆ ಕೂತು, ಚೀಲದ ಜಿಪ್ಪು ಎಳೆದು, ಡಬ್ಬಿಯನ್ನು ಎಲೆಗಳ ನಡುವೆ ಇಟ್ಟು, ಮೂರರವರೆಗೆ ಎಣಿಸಿ ಕೂಗಿದ.

"ಸಿಕ್ತು! ಡಬ್ಬಿ ಸಿಕ್ತು!"

ಎಲ್ಲರೂ ಓಡಿಬಂದರು. ರಾಕೇಶ ಅವನನ್ನು ಅಪ್ಪಿಕೊಂಡ. "ನಿಮ್ಮನ್ನ ನೋಡೇ ಹೆದರಿ ಬಿಸಾಕಿ ಓಡಿದಾನೆ ಸರ್!"

ಪ್ರೇಮಮ್ಮ ಮುಚ್ಚಳ ತೆಗೆದು ಎಣಿಸಿದರು. "ಇಪ್ಪತ್ತೊಂದಿತ್ತು. ಹತ್ತೊಂಬತ್ತಿದೆ. ಇರ್ಲಿ ಬಿಡಿ. ಕಳ್ಳನಿಗೂ ಹಸಿವಾಗತ್ತೆ."

ಅವರು ಲಕ್ಷ್ಮೀಕಾಂತನ ಮೀಸೆಯ ಅಂಚಿಗೆ ಅಂಟಿದ್ದ ಕೊಬ್ಬರಿ ಚೂರನ್ನು ಒಂದು ಕ್ಷಣ ನೋಡಿದರು. ಆಮೇಲೆ ಅವನ ಕೈಗೆ ಒಂದು ಕಾಗದದ ಕರವಸ್ತ್ರ ಕೊಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದರು:

"ನನಗೊಂದು ಯೋಚನೆ ಬಂದಿದೆ. ನಮ್ಮ ಬೀದಿಗೆ ಒಬ್ರು ಕಾವಲಿನ ಕ್ಯಾಪ್ಟನ್ ಬೇಕು. ಕಳ್ಳನ ಮನಸ್ಸು ಲಕ್ಷ್ಮೀಕಾಂತ್‌ಗೆ ಅರ್ಥ ಆದಷ್ಟು ಇನ್ಯಾರಿಗೂ ಆಗಲ್ಲ. ಅವರೇ ಆಗ್ಲಿ."

ಚಪ್ಪಾಳೆ ಬಿತ್ತು. ಪ್ರತಿ ಶನಿವಾರ, ಭಾನುವಾರ ಎರಡು ಗಂಟೆ ಬೀದಿ ಸುತ್ತಿ ಆ ಆರಡಿ ಆಳನ್ನು ಹುಡುಕುವ ಜವಾಬ್ದಾರಿ ಲಕ್ಷ್ಮೀಕಾಂತನ ಹೆಗಲೇರಿತು.

ಸಂಜೆ ಆರಕ್ಕೆ ಕೌಸಲ್ಯಾ ಬಂದರು. ಹೆಂಡತಿ ಅಂದಿದ್ದು ಸರಿಯಾಗಿತ್ತು. ಕೈಕಾಲು ತೊಳೆದವರೇ ನೇರ ಅಡುಗೆಮನೆಗೆ ನಡೆದು, "ವಸಂತಾ, ನಿಂಗವ್ವನ ಡಬ್ಬಿ ಎಲ್ಲೇ?" ಎಂದರು. ವಸಂತಲಕ್ಷ್ಮಿ ಗಂಡನ ಮುಖ ನೋಡಿದಳು. ಗಂಡ ಬಾಗಿಲ ಕಡೆ ನೋಡಿದ. ಅಷ್ಟು ಹೊತ್ತಿಗೆ ಸರಿಯಾಗಿ ಪ್ರೇಮಮ್ಮ ಡಬ್ಬಿ ಹಿಡಿದು ಒಳಗೆ ಬಂದರು.

"ಬನ್ನಿ ಕೌಸಲ್ಯಮ್ಮ, ಪ್ರಯಾಣ ಸುಖವಾಗಿತ್ತಾ? ತಗೊಳ್ಳಿ, ನಿಮ್ಮ ಡಬ್ಬಿ."

ಕೌಸಲ್ಯಾ ಮುಚ್ಚಳ ತೆಗೆದರು. ಉಂಡೆಗಳ ಮೇಲೆ ಅಡ್ಡಲಾಗಿ ಒಂದು ಪೊರಕೆಕಡ್ಡಿ ಮಲಗಿತ್ತು.

"ಇದೇನಮ್ಮಾ?"

"ಅದಾ? ದೃಷ್ಟಿ ತೆಗೆಯೋಕೆ. ನಿಮ್ಮ ಅಳಿಯಂದ್ರು ನಮ್ಮನೆಗೆ ದೃಷ್ಟಿ ತಾಗ್ಬಾರ್ದು ಅಂತ ಬೆಳಿಗ್ಗೆ ಇಟ್ಟುಹೋಗಿದ್ರು. ವಾಪಸ್ ಕೊಡೋಣ ಅಂತ ತಂದೆ" ಎಂದು ಪ್ರೇಮಮ್ಮ ನಕ್ಕರು. ಆಮೇಲೆ ಲಕ್ಷ್ಮೀಕಾಂತನಿಗೆ ಮಾತ್ರ ಕೇಳುವಂತೆ, "ಈ ಬೀದೀಲಿ ತೆಂಗಿನ ಪೊರಕೆ ಇರೋದು ಒಂದೇ ಮನೇಲಿ ಕಣಪ್ಪ. ಹೋದ ವರ್ಷ ಊರಿಂದ ನಾನೇ ತಂದ್ಕೊಟ್ಟಿದ್ದು" ಎಂದರು.

ಲಕ್ಷ್ಮೀಕಾಂತನ ಕಿವಿ ಕೆಂಡವಾಯಿತು. ಹಿಂದಿನಿಂದ ಮೈತ್ರಿ ಅವನ ತೋಳು ಜಗ್ಗಿದಳು. ಒಗೆಯುವ ಬುಟ್ಟಿಯಲ್ಲಿ ಹೊಟ್ಟೆ ಭಾಗ ಹಿಗ್ಗಿದ ತನ್ನ ಹೂಡಿಯನ್ನು ಅವಳು ಆಗಲೇ ನೋಡಿದ್ದಳು.

"ಅಪ್ಪಾ, ದಟ್ಸ್ ಹೌ ನೈನ್ ಎಂಡ್ಸ್. ಏನೂ ತಪ್ಪು ಮಾಡದವರಿಗೆ ಪನಿಷ್ ಮಾಡಿಬಿಡ್ತಾನೆ. ನೆಕ್ಸ್ಟ್ ಡೇ ಅವನ ಮನೆ ಬಾಗಿಲಲ್ಲೇ ಕಡ್ಡಿ ಇರತ್ತೆ."

"ಆಮೇಲೆ?"

"ಐ ಟೋಲ್ಡ್ ಯೂ ಟು ರೀಡ್ ಇಟ್!"

ಇತ್ತ ಕೌಸಲ್ಯಾ ಒಂದು ಉಂಡೆ ಮುರಿದು ಬಾಯಿಗಿಟ್ಟವರು ಹಾಗೆಯೇ ಕುರ್ಚಿಯಲ್ಲಿ ಕೂತುಬಿಟ್ಟರು. ಕಣ್ಣಲ್ಲಿ ನೀರು.

"ಅಂಟಿನ ಉಂಡೆ! ಇದೇ ಡಬ್ಬೀಲಿ ಇದೇ ಉಂಡೆ! ವಸಂತಾ, ನಿನಗೆ ಇವತ್ತು ಹೇಳಿಬಿಡ್ತೀನಿ ಕಣೇ. ಈ ಡಬ್ಬಿ ನಮ್ಮದಲ್ಲ."

"ಏನಮ್ಮಾ ಹೇಳ್ತಿದೀಯ? ಮುತ್ತಜ್ಜಿ ನಿಂಗವ್ವಂದು..."

"ನಮ್ಮ ವಂಶದಲ್ಲಿ ನಿಂಗವ್ವ ಅನ್ನೋ ಹೆಸರು ಯಾರಿಗಿತ್ತೇ? ಹಾಗಂತ ನೀನೇ ಅಂದ್ಕೊಂಡೆ, ನಾನು ನಾಚಿಕೆಗೆ ಸುಮ್ಮನಿದ್ದೆ. ನಿಮ್ಮಪ್ಪನಿಗೆ ದಾವಣಗೆರೆಗೆ ವರ್ಗ ಆಗಿದ್ದಾಗ ಪಕ್ಕದ ಮನೆಯವಳು ನಿಂಗವ್ವ. ನೀನು ಹುಟ್ಟಿದಾಗ ಬಾಣಂತಿಗೆ ಶಕ್ತಿ ಬರ್ಲಿ ಅಂತ ಈ ಡಬ್ಬಿ ತುಂಬ ಅಂಟಿನ ಉಂಡೆ ಕಟ್ಟಿ ಕಳಿಸಿದ್ಳು. ಖಾಲಿ ಹೇಗೆ ಕೊಡೋದು, ಏನಾದ್ರೂ ಒಳ್ಳೇದು ಮಾಡಿ ತುಂಬಿ ಕೊಡೋಣ ಅಂತ ಇಟ್ಕೊಂಡೆ. ಅಷ್ಟರಲ್ಲಿ ಮತ್ತೆ ವರ್ಗ ಆಯ್ತು. ನಿನ್ನ ಮದುವೆ ಗಡಿಬಿಡೀಲಿ ನಿನ್ನ ಪಾತ್ರೆ ಜೊತೆ ಬಂದುಬಿಡ್ತು. ಭದ್ರವಾಗಿದೆಯಾ ಅಂತ ಅದಕ್ಕೇ ಕೇಳ್ತಿದ್ದೆ. ನಿಂಗವ್ವ ಇನ್ನೂ ಇದ್ದಾಳಂತೆ, ಮಗ ಶೇಖರಪ್ಪನ ಜೊತೆ. ಈ ಸಲ ವಾಪಸ್ ಹೋಗೋವಾಗ ತಗೊಂಡು ಹೋಗಿ ಅವಳ ಕೈಗೇ ಕೊಡ್ತೀನಿ."

ವಸಂತಲಕ್ಷ್ಮಿ ಡಬ್ಬಿಯ ನೆಗ್ಗನ್ನು ಬೆರಳಿನಿಂದ ಸವರಿದಳು. ಬೆಳಿಗ್ಗೆ ಲಕ್ಷ್ಮೀಕಾಂತ ಯಾವುದಕ್ಕಾಗಿ ಕಳ್ಳನಂತೆ ಏಣಿ ಹತ್ತಿದ್ದನೋ ಅದು ನಾಲ್ಕು ದಶಕದಿಂದ ಬೇರೆಯವರ ಸ್ವತ್ತಾಗಿತ್ತು.

"ಈ ಮನೇಲಿ ಇನ್ನು ಯಾರ್ಯಾರ ಪಾತ್ರೆ ಇದೆ?" ಎಂದು ಕೌಸಲ್ಯಾ ಕಣ್ಣೊರೆಸಿಕೊಂಡು ಕೇಳಿದರು.

ಮೈತ್ರಿ ಕೆಳಗಿನ ಬೀರುವಿನ ಬಾಗಿಲು ತೆಗೆದಳು. ಹನ್ನೊಂದು ಡಬ್ಬಿಗಳು ಸಾಲಾಗಿ ನಿಂತಿದ್ದವು. ಅದರಲ್ಲಿ ಮೂರು ಪ್ರೇಮಮ್ಮನವರದು. ಎರಡು ರಾಕೇಶನ ಮನೆಯವು.

"ಖಾಲಿ ಹೇಗೆ ಕೊಡೋದು ಅಂತ..." ಎಂದಳು ವಸಂತಲಕ್ಷ್ಮಿ ಸಣ್ಣ ದನಿಯಲ್ಲಿ. ಪ್ರೇಮಮ್ಮ ಮೊದಲು ನಕ್ಕರು. ಆಮೇಲೆ ತಡೆಯಲಾರದೆ ಎಲ್ಲರೂ ನಕ್ಕರು.

ಕೌಸಲ್ಯಾ ತಮ್ಮ ಸೂಟ್‌ಕೇಸು ತೆರೆದರು. ಅಳಿಯನಿಗೆಂದೇ ವಾರವಿಡೀ ಕೂತು ಕರಿದ ಚಕ್ಕುಲಿ, ನಿಪ್ಪಟ್ಟು, ಕೋಡುಬಳೆ. ಅದರ ವಾಸನೆಗೆ ಲಕ್ಷ್ಮೀಕಾಂತನ ಮುಖ ಅರಳಿತು. ಅವನ ಕಣ್ಣೆದುರಿಗೇ ಅವರು ಅವನ್ನೆಲ್ಲ ಹನ್ನೊಂದು ಡಬ್ಬಿಗಳಿಗೆ ಹಂಚಿ ಮುಚ್ಚಳ ಹಾಕಿದರು. ಅವನಿಗೆ ಒಂದು ಮುರುಕು ಚಕ್ಕುಲಿ ಉಳಿಯಿತು.

"ನನ್ನ ಹಾಗೆ ನೀವೂ ನಲವತ್ತು ವರ್ಷ ಕೊರಗೋದು ಬೇಡ. ಇನ್ನೂ ಬೆಳಕಿದೆ, ಈಗ್ಲೇ ಕೊಟ್ಟು ಬನ್ನಿ ಅಳಿಯಂದ್ರೇ."

ಎಂಟು ಗಂಟೆ. ಮೇ ತಿಂಗಳಾದ್ದರಿಂದ ಆಕಾಶದಲ್ಲಿ ಬೆಳಕು ಇನ್ನೂ ಇತ್ತು, ಜೊತೆಗೆ ತೆಳ್ಳನೆಯ ತುಂತುರು. ಮೈತ್ರಿ ಕರುಣೆಯಿಂದ ತನ್ನ ಕರಿಯ ಹೂಡಿಯನ್ನೇ ಅಪ್ಪನ ತಲೆಗೆ ಏರಿಸಿದಳು. "ಕೀಪ್ ಇಟ್ ಅಪ್ಪಾ. ಈಗ ನಿಮಗೇ ಫಿಟ್ ಆಗತ್ತೆ."

ಎರಡು ಕೈಯಲ್ಲೂ ಡಬ್ಬಿಗಳ ಗೋಪುರ ಹಿಡಿದು ಲಕ್ಷ್ಮೀಕಾಂತ ಮೊದಲು ರಾಕೇಶನ ಮನೆಯ ಮೆಟ್ಟಿಲು ಹತ್ತಿದ. ಕರೆಗಂಟೆ ಒತ್ತಲು ಕೈ ಬಿಡುವಿರಲಿಲ್ಲ. ಮೊಣಕೈಯಿಂದ ಒತ್ತಲು ಹೋದ, ಆಗಲಿಲ್ಲ. ಮೆಲ್ಲಗೆ ಎರಡು ಡಬ್ಬಿಗಳನ್ನು ಬಾಗಿಲಲ್ಲಿಟ್ಟು, ಉಳಿದವನ್ನು ಎತ್ತಿಕೊಂಡು, ಮುಂದಿನ ಮನೆಯ ಕಡೆ ಹೊರಟ.

ಜೇಬಿನಲ್ಲಿ ಫೋನು ಟಿಂಗ್ ಎಂದಿತು. ಮತ್ತೆ ಟಿಂಗ್. ಮತ್ತೆ, ಮತ್ತೆ. ಬೀದಿಯ ಅಂಚಿನಲ್ಲಿ ಡಬ್ಬಿಗಳನ್ನು ಇಳಿಸಿ ನೋಡಿದ. ಹೊಸ ಫೋಟೋ. ಅದೇ ಮುಸುಕು, ಅದೇ ಹೊಟ್ಟೆ.

'ಮತ್ತೆ ಬಂದಿದಾನೆ!! ಈ ಸಲ ರಾಶಿ ಡಬ್ಬಿ ಹೊಡೆದಿದಾನೆ! ಕ್ಯಾಪ್ಟನ್ ಕಾಂತ್ ಸರ್, ಎಲ್ಲಿದೀರಿ? ನಾನು ಬ್ಯಾಟ್ ತಗೊಂಡು ಬರ್ತಿದೀನಿ!'

ಹಿಂದೆ ರಾಕೇಶನ ಮನೆಯ ಬಾಗಿಲು ದಡಕ್ಕನೆ ತೆರೆಯಿತು. ಲಕ್ಷ್ಮೀಕಾಂತ ಒಂದೇ ಕೈಯಲ್ಲಿ ಅವಸರವಾಗಿ ಉತ್ತರ ಟೈಪು ಮಾಡಿದ:

'ಬರಬೇಡಿ. ನಾನು ಅವನ ಜೊತೆಗೇ ಇದ್ದೇನೆ.'

ಆಮೇಲೆ ಒಂಬತ್ತು ಡಬ್ಬಿಗಳನ್ನು ಎದೆಗವಚಿಕೊಂಡು ಓಡತೊಡಗಿದ.